ವೆನಿಸ್‌ಗೆ ಪುಟ್ಟ ಮಕ್ಕಳ ಜೊತೆ: ಸೇತುವೆ ಎಣಿಸಿ ಹೋಟೆಲ್ ಹುಡುಕುವ ಕೆಲಸ

ದಾದರ್‌ನ ಒಂದು ಟೂರ್ ಕಂಪನಿಯಲ್ಲಿ ನಾನು ಯುರೋಪ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಗ್ರೂಪ್ ಟೂರ್ ನನ್ನ ಕಡೆ ಬರುವುದಿಲ್ಲ. ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಪ್ಲಾನ್ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಮಾಟುಂಗಾ, ಡೊಂಬಿವ್ಲಿ, ವಾಶಿ ಕಡೆಯ ಕನ್ನಡದವರು ಒಬ್ಬರಿಂದ ಒಬ್ಬರು ಕೇಳಿಕೊಂಡು ಬರುತ್ತಾರೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಲ್ಲರಿಗೂ ಬೇಕು. ಕೊನೆಗೆ ಎದ್ದು ಹೋಗುವಾಗ, "ವೆನಿಸ್ ಒಂದಿನ ಹಾಕಿಬಿಡಿ, ಮಕ್ಕಳಿಗೆ ದೋಣಿ ಇಷ್ಟ" ಅಂತಾರೆ.

ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ. ಪುಟ್ಟ ಮಕ್ಕಳಿದ್ದರೆ ವೆನಿಸ್‌ನಲ್ಲಿ ಏನು ನೋಡಬೇಕು ಅನ್ನೋದು ಆಮೇಲಿನ ಮಾತು. ಎಲ್ಲಿ ಮಲಗಬೇಕು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು.

ಇದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದವರು ಡೊಂಬಿವ್ಲಿಯ ಒಬ್ಬ ಅಜ್ಜಿ. ಮೂಲ ಧಾರವಾಡದವರು. ಮಗ, ಸೊಸೆ ಇಬ್ಬರೂ ಫೋಟೋ ನೋಡುತ್ತಿದ್ದರು. ಅಜ್ಜಿ ಮಾತ್ರ ನನ್ನನ್ನೇ ಕೇಳಿದರು: "ತಮ್ಮಾ, ಸ್ಟೇಷನ್ನಿಂದ ಹೋಟೆಲಿಗೆ ರಿಕ್ಷಾದವ ಎಷ್ಟ ತಗೋತಾನ?"

"ಅಲ್ಲಿ ರಿಕ್ಷಾ ಇಲ್ರಿ ಅಜ್ಜಿ. ಟ್ಯಾಕ್ಸಿ ಅಂದ್ರೂ ದೋಣಿನ."

"ಹಂಗಾರ ಕೂಸಿನ್ನ ಯಾರ ಎತ್ಕೋತಾರ?"

ಸೊಸೆ ತಲೆ ಎತ್ತಿ ಗಂಡನ ಮುಖ ನೋಡಿದಳು. ಆಮೇಲೆ ಇಡೀ ಮಾತುಕತೆ ಬೇರೆ ದಾರಿ ಹಿಡಿಯಿತು.

ವೆನಿಸ್ ಅಂದರೆ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು, ಅವುಗಳ ನಡುವೆ 400ಕ್ಕೂ ಹೆಚ್ಚು ಸೇತುವೆಗಳು. ಕಾರು, ಬಸ್ಸು ಪಿಯಾತ್ಸಾಲೆ ರೋಮಾ ಅನ್ನೋ ಚೌಕದವರೆಗೆ ಮಾತ್ರ. ರೈಲು ಸಾಂತಾ ಲೂಚಿಯಾ ಸ್ಟೇಷನ್‌ನಲ್ಲಿ ನಿಲ್ಲುತ್ತದೆ. ಮುಂದೆ ಕಾಲು ಇಲ್ಲವೇ ದೋಣಿ. ದೋಣಿಗಳು ಅಡಿಯಿಂದ ಹೋಗಬೇಕಲ್ಲ, ಅದಕ್ಕೆ ಸೇತುವೆಗಳು ಬೆನ್ನು ಬಾಗಿಸಿ ನಿಂತಿವೆ. ಹೆಚ್ಚಿನವಕ್ಕೆ ಎರಡೂ ಕಡೆ ಮೆಟ್ಟಿಲು. ಪ್ರಾಮ್ ತಳ್ಳಿಕೊಂಡು ಹೊರಟರೆ ಸಂಜೆ ಹೊತ್ತಿನಲ್ಲಿ ದಾದರ್ ಸ್ಟೇಷನ್ನಿನ ಪಾದಚಾರಿ ಸೇತುವೆಯನ್ನು ಮತ್ತೆ ಮತ್ತೆ ಹತ್ತಿ ಇಳಿದ ಹಾಗೆ. ಎತ್ತು, ಇಳಿಸು, ನಾಲ್ಕು ಹೆಜ್ಜೆ ತಳ್ಳು, ಮತ್ತೆ ಎತ್ತು. ಎರಡು ವರ್ಷದೊಳಗಿನ ಮಗುವಾದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಯ್ಯಿರಿ ಅಂತ ನಾನು ಕೊಟೇಶನ್ನಿನಲ್ಲೇ ಬರೆಯುತ್ತೇನೆ. ಪ್ರಾಮ್ ಬೇಕೇ ಬೇಕು ಅಂದರೆ ಒಂದು ಕೈಯಲ್ಲಿ ಮಡಚುವಂಥದ್ದು.

ಈಗ ಹೋಟೆಲ್. ನಮ್ಮ ಲೈನಿನಲ್ಲಿ ಎಲ್ಲರೂ ಮೆಸ್ತ್ರೆಯ ಹೋಟೆಲ್ ಹಾಕುತ್ತಾರೆ. ಮೆಸ್ತ್ರೆ ಸಮುದ್ರದ ಈಚೆ ದಡದ ಊರು. ರೂಮು ದೊಡ್ಡದು, ಬಾಡಿಗೆ ಕಡಿಮೆ, ವೆನಿಸ್‌ಗೆ ರೈಲಿನಲ್ಲಿ ಹತ್ತು ನಿಮಿಷ. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿರೋದು ಏನೂ ಇಲ್ಲ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಮಗು ನಿದ್ದೆಗೆ ಹಟ ಹಿಡಿದಾಗ ನೀವು ಸಾನ್ ಮಾರ್ಕೊ ಚೌಕದಲ್ಲಿ ಇರುತ್ತೀರಿ. ಅಲ್ಲಿಂದ ಸ್ಟೇಷನ್ನಿಗೆ 1ನೇ ನಂಬರ್ ದೋಣಿಯಲ್ಲಿ ಮುಕ್ಕಾಲು ಗಂಟೆ ಹತ್ತಿರ ಹಿಡಿಯುತ್ತದೆ, ಆಮೇಲೆ ರೈಲು, ಆಮೇಲೆ ಹೋಟೆಲಿಗೆ ನಡಿಗೆ. ಯಾರು ಹೋಗ್ತಾರೆ? ಯಾರೂ ಹೋಗೋದಿಲ್ಲ. ಮಗು ಅಳುತ್ತದೆ, ಅಪ್ಪ ಅಮ್ಮ ಜಗಳ ಆಡುತ್ತಾರೆ, ಸಂಜೆ ನನಗೆ ವಾಟ್ಸಾಪ್ ಬರುತ್ತದೆ.

ಅದಕ್ಕೆ ನಾನು ಈಗ ದ್ವೀಪದ ಒಳಗೇ, ವಾಪೊರೆತ್ತೊ ನಿಲ್ದಾಣದ ಪಕ್ಕ ಹೋಟೆಲ್ ಹುಡುಕುತ್ತೇನೆ. ವಾಪೊರೆತ್ತೊ ಅಂದರೆ ಅಲ್ಲಿಯ ಸಿಟಿ ಬಸ್ಸು, ನೀರಿನ ಮೇಲೆ ಓಡುತ್ತದೆ ಅಷ್ಟೇ. ಮ್ಯಾಪ್ ದೊಡ್ಡದು ಮಾಡಿ ನಿಲ್ದಾಣದಿಂದ ಹೋಟೆಲ್ ಬಾಗಿಲಿನವರೆಗೆ ಎಷ್ಟು ಸೇತುವೆ ಅಂತ ಎಣಿಸುತ್ತೇನೆ. ಒಂದೂ ಇಲ್ಲದಿದ್ದರೆ ಬಹಳ ಒಳ್ಳೆಯದು. ಒಂದಿದ್ದರೆ ಒಪ್ಪಬಹುದು. ಮೂರು ದಾಟಿದರೆ ರೂಮು ಎಷ್ಟೇ ಚೆಂದ ಇರಲಿ, ಬಿಟ್ಟುಬಿಡುತ್ತೇನೆ. ವಿಳಾಸ ನಂಬಿ ಲೆಕ್ಕ ಹಾಕೋಕೆ ಆಗೋದಿಲ್ಲ. ವೆನಿಸ್‌ನಲ್ಲಿ ಆರು ವಿಭಾಗ, ಮನೆ ನಂಬರು ಬೀದಿ ಲೆಕ್ಕದಲ್ಲಿರದೆ ಇಡೀ ವಿಭಾಗಕ್ಕೆ ಒಂದೇ ಸಾಲಾಗಿ ಸಾವಿರಗಟ್ಟಲೆ ಹೋಗುತ್ತದೆ. ಹೋಟೆಲಿನವರಿಗೆ ನೇರವಾಗಿ ಮೇಲ್ ಹಾಕಿ ಎರಡೇ ಪ್ರಶ್ನೆ ಕೇಳುತ್ತೇನೆ: ಹತ್ತಿರದ ದೋಣಿ ನಿಲ್ದಾಣದ ಹೆಸರೇನು, ಲಿಫ್ಟ್ ಇದೆಯಾ? ಹಳೇ ಮನೆಗಳು, ಲಿಫ್ಟ್ ಇಲ್ಲದಿರೋದೇ ಜಾಸ್ತಿ.

ನನಗೆ ಕಾನ್ನಾರೆಜೊ ಭಾಗ ಇಷ್ಟ. ಸ್ಟೇಷನ್ನಿಗೆ ಹತ್ತಿರ, ಬೀದಿಗಳು ಸ್ವಲ್ಪ ಅಗಲ, ಸಾವೊರ್ನ್ಯಾನ್ ಪಾರ್ಕಿನಲ್ಲಿ ಮಕ್ಕಳಿಗೆ ಆಡೋಕೆ ಜಾಗ ಇದೆ. ಇನ್ನೊಂದು, ಸಾನ್ ಸ್ತಾಯೆ ನಿಲ್ದಾಣದ ಸುತ್ತಮುತ್ತ. ಅಲ್ಲೇ ಪ್ರಕೃತಿ ವಿಜ್ಞಾನ ಮ್ಯೂಸಿಯಂ ಇದೆ, ಒಳಗೆ ಡೈನೋಸಾರ್ ಅಸ್ಥಿಪಂಜರ. ನಾಲ್ಕು ವರ್ಷದ ಹುಡುಗನಿಗೆ ಡೋಜ್ ಅರಮನೆಯ, ಅಂದರೆ ವೆನಿಸ್‌ನ ಹಳೇ ದೊರೆಗಳ ಅರಮನೆಯ ಚಿತ್ರಗಳಿಗಿಂತ ಆ ಮೂಳೆಗಳೇ ಹೆಚ್ಚು ನೆನಪಿರುತ್ತವೆ. ಡೋಜ್ ಅರಮನೆಯನ್ನು ಪಟ್ಟಿಯಿಂದ ತೆಗೆಯಿರಿ ಅಂದಾಗ ನಮ್ಮವರು ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ದೋಣಿ ವಿಷಯ. ಗೊಂಡೋಲಾ ಅಂದರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ. ಅದರ ಸರ್ಕಾರಿ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ನಂತರ 110. ಇದು ತಲೆಗಲ್ಲ, ಇಡೀ ದೋಣಿಗೆ. ಐದು ಜನ ಕೂರಬಹುದು. ಗಂಡ ಹೆಂಡತಿ ಇಬ್ಬರೇ ಆದರೆ ಆಸೆಗೆ ಹೋಗಲಿ ಅನ್ನಬಹುದು. ಆದರೆ ಮೂರು ವರ್ಷದ ಮಗು ಹತ್ತು ನಿಮಿಷಕ್ಕೇ "ಇಳಿಯೋಣ" ಅನ್ನುತ್ತದೆ. ನಾನು ಹೇಳೋದು, 1ನೇ ನಂಬರ್ ವಾಪೊರೆತ್ತೊ ಹತ್ತಿ. ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಪ್ರತಿ ನಿಲ್ದಾಣದಲ್ಲೂ ನಿಂತು ನಿಂತು ಹೋಗುತ್ತದೆ, ರಿಯಾಲ್ಟೊ ಸೇತುವೆ ಅಡಿಯಿಂದಲೇ ದಾಟುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದೊಡ್ಡವರಿಗೆ 75 ನಿಮಿಷದ ಟಿಕೆಟ್ 9.50 ಯೂರೊ. ದಿನಕ್ಕೆ ಮೂರು ಸಲ ಹತ್ತುವವರು ದಿನದ ಪಾಸ್ ತಗೊಳ್ಳೋದೇ ವಾಸಿ. ಗೊಂಡೋಲಾ ಮುಟ್ಟಲೇಬೇಕು ಅಂತ ಮಗು ಹಟ ಮಾಡಿದರೆ ತ್ರಾಗೆತ್ತೊ ಇದೆ. ಸೇತುವೆ ಇಲ್ಲದ ಕಡೆ ಈ ದಡದಿಂದ ಆ ದಡಕ್ಕೆ ದಾಟಿಸುವ ದೊಡ್ಡ ಗೊಂಡೋಲಾ, ತಲೆಗೆ 2 ಯೂರೊ. ರಿಯಾಲ್ಟೊ ಮಾರ್ಕೆಟ್ ಹತ್ತಿರ ಸಾಂತಾ ಸೊಫಿಯಾದಲ್ಲಿ ಸಿಗುತ್ತದೆ. ಎರಡೇ ನಿಮಿಷ, ಮಗುವಿಗೆ ಅಷ್ಟು ಸಾಕು.

ಸುಮಾರು ಕಾಲುವೆ ಬದಿಗಳಲ್ಲಿ ಕಂಬಿ ಇರೋದಿಲ್ಲ. ಮಗುವನ್ನು ಗೋಡೆ ಕಡೆ ಹಾಕಿಕೊಂಡು ನಡೆಯಬೇಕು. ಓಡಿ ಆಡೋದಕ್ಕೆ ಕಾಂಪೊ ಅನ್ನೋ ಚೌಕಗಳಿವೆ. ಸಾನ್ ಪೋಲೊ, ಸಾಂತಾ ಮಾರ್ಗರೀತಾ ಎರಡೂ ದೊಡ್ಡವು. ಸಂಜೆ ಅಲ್ಲಿಯ ಮಕ್ಕಳು ಚೆಂಡಾಡುತ್ತಿರುತ್ತಾರೆ. ನಿಮ್ಮವರನ್ನೂ ಬಿಡಿ, ಭಾಷೆ ಬೇಕಾಗೋದಿಲ್ಲ.

ಸಾನ್ ಮಾರ್ಕೊದಲ್ಲಿ ನೆಲದ ಮೇಲೆ ಕೂತು ತಿನ್ನೋ ಹಾಗಿಲ್ಲ, ದಂಡ ಬೀಳುತ್ತದೆ. ಚಪಾತಿ ರೋಲ್ ಬಿಚ್ಚುವ ನಮ್ಮವರಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಪಾರಿವಾಳಕ್ಕೆ ಕಾಳು ಹಾಕೋದು ಅಲ್ಲಿ 2008ರಲ್ಲೇ ನಿಂತಿತು. ನಮ್ಮ ಆಫೀಸಿನ ಹತ್ತಿರದ ಕಬೂತರ್‌ಖಾನಾ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗದ ಗಲಾಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ.

ಗಾಜಿನ ಕೆಲಸಕ್ಕೆ ಹೆಸರಾದ ಮುರಾನೊ ದ್ವೀಪಕ್ಕೆ "ಫ್ರೀ ದೋಣಿ" ಅಂತ ಯಾರಾದರೂ ಕರೆದರೆ ಹತ್ತಬೇಡಿ. ನೇರ ಗಾಜಿನ ಶೋರೂಮಿಗೆ ಇಳಿಸುತ್ತಾರೆ, ಅಲ್ಲಿ ಮಗು ಏನಾದರೂ ಮುಟ್ಟಿದರೆ ನಿಮ್ಮ ಎದೆ ಧಸಕ್. ಈ ಧಂದೆಯಲ್ಲಿ ಕಮಿಷನ್ ಹೇಗೆ ಓಡುತ್ತದೆ ಅಂತ ಬಲ್ಲವನಾಗಿ ಹೇಳುತ್ತಿದ್ದೇನೆ. ಗಾಜಿನ ಕುಲುಮೆಗಳನ್ನು ಬೆಂಕಿಯ ಭಯಕ್ಕೆ 1291ರಲ್ಲೇ ಆ ದ್ವೀಪಕ್ಕೆ ಸಾಗಿಸಿದ್ದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ ನಿಜ. ಟಿಕೆಟ್ ಕೊಟ್ಟು ನೋಡಿ, ಎದ್ದು ಬನ್ನಿ. ಬಣ್ಣದ ಮನೆಗಳ ಬುರಾನೊ ದ್ವೀಪ ಫೊಂದಾಮೆಂತೆ ನೋವೆ ದೋಣಿ ನಿಲ್ದಾಣದಿಂದ ಮುಕ್ಕಾಲು ಗಂಟೆಯ ದಾರಿ. ಒಂದೇ ದಿನಕ್ಕೆ ಬಂದವರು ಅದನ್ನು ಮರೆತುಬಿಡಬೇಕು.

ಮುಂಬೈ ಶಾಲೆಗಳ ದೀಪಾವಳಿ ರಜೆಗೆ ಹೋಗುವವರಿಗೆ ಇನ್ನೊಂದು ಮಾತು. ಆಗ ಅಲ್ಲಿ ಆಕ್ವಾ ಆಲ್ತಾ, ಅಂದರೆ ಭರತದ ನೀರು ಏರುವ ಕಾಲ ಶುರುವಾಗಿರುತ್ತದೆ. 2019ರ ನವೆಂಬರ್ 12ರಂದು 187 ಸೆಂ.ಮೀ. ಏರಿತ್ತು. 2020ರ ಅಕ್ಟೋಬರ್‌ನಿಂದ ಮೋಸೆ ಅನ್ನೋ ಗೇಟುಗಳು ಕೆಲಸ ಮಾಡುತ್ತಿವೆ. ಮೂರು ಸಮುದ್ರ ಬಾಯಿಗಳಲ್ಲಿ ಒಟ್ಟು 78 ಗೇಟು. ದೊಡ್ಡ ನೀರನ್ನು ಅವು ತಡೆಯುತ್ತವೆ. ಸಣ್ಣ ಏರಿಕೆಗೆ ಅವನ್ನು ಎತ್ತೋದಿಲ್ಲ, ಸಾನ್ ಮಾರ್ಕೊ ತಗ್ಗಿನಲ್ಲಿದೆ, ಪಾದ ಒದ್ದೆಯಾಗಬಹುದು. ನಮ್ಮ ಮಳೆಗಾಲದ ಮಕ್ಕಳ ಗಮ್ ಬೂಟು ಬ್ಯಾಗಿನಲ್ಲಿ ಹಾಕಿಕೊಳ್ಳಿ, ಆ ನೀರೇ ಅವರಿಗೆ ಆಟ.

2024ರಲ್ಲಿ ಬಂದ ಪ್ರವೇಶ ಶುಲ್ಕದ ಬಗ್ಗೆ ಜನ ಸುಮ್ನೆ ಗಾಬರಿಯಾಗುತ್ತಾರೆ. ಅದು ಕೆಲವು ಗದ್ದಲದ ದಿನಗಳಿಗೆ ಮಾತ್ರ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ. 14ರೊಳಗಿನ ಮಕ್ಕಳಿಗೆ ಇಲ್ಲ. ಅಲ್ಲಿ ರಾತ್ರಿ ಉಳಿಯುವವರೂ ಕೊಡಬೇಕಿಲ್ಲ, ಆದರೆ ಆನ್‌ಲೈನಿನಲ್ಲಿ ವಿನಾಯಿತಿ ಬರೆಸಿಕೊಳ್ಳಬೇಕು. ಮೆಸ್ತ್ರೆ ಕೂಡ ವೆನಿಸ್ ನಗರಸಭೆಯೊಳಗೇ ಬರುವುದರಿಂದ ಅಲ್ಲಿ ತಂಗಿದವರಿಗೂ ಇದೇ ಲೆಕ್ಕ.

ದ್ವೀಪದ ಹೋಟೆಲ್ ಹಾಕಿದರೆ ನನ್ನ ಕೊಟೇಶನ್ ಬೇರೆಯವರಿಗಿಂತ ಹೆಚ್ಚಾಗುತ್ತದೆ. ಬಾಸ್ ಹುಬ್ಬು ಗಂಟಿಕ್ಕುತ್ತಾರೆ. ಕೆಲವು ಬುಕಿಂಗ್ ಕೈ ತಪ್ಪುತ್ತವೆ ಕೂಡ. ಅದಕ್ಕೆ ಈಗ ಎರಡೂ ಹೋಟೆಲ್ ಪಕ್ಕಪಕ್ಕ ಹಾಕಿ, ಬಾಡಿಗೆ, ದೋಣಿ ಮತ್ತು ರೈಲಿನ ಖರ್ಚು, ಸೇತುವೆಗಳ ಸಂಖ್ಯೆ, ಮಧ್ಯಾಹ್ನ ರೂಮಿಗೆ ವಾಪಸ್ ಬರಲು ಹಿಡಿಯುವ ಹೊತ್ತು, ಇವಿಷ್ಟನ್ನು ಒಂದೇ ಹಾಳೆಯಲ್ಲಿ ಕೊಡುತ್ತೇನೆ. ಮೆಸ್ತ್ರೆ ಯಾವಾಗಲೂ ತಪ್ಪು ಅಂತಲ್ಲ. ಅಜ್ಜ, ಅಜ್ಜಿ, ಎರಡು ಮಕ್ಕಳು, ಆರೇಳು ಜನ, ಲಿಫ್ಟ್ ಬೇಕು, ವಾಷಿಂಗ್ ಮೆಷಿನ್ ಬೇಕು, ಅನ್ನ ಸಾರು ಮಾಡಿಕೊಳ್ಳೋಕೆ ಅಡುಗೆಮನೆ ಬೇಕು ಅಂದರೆ ಅಲ್ಲಿಯ ಅಪಾರ್ಟ್‌ಮೆಂಟೇ ಸರಿ. ಅಂಥವರಿಗೆ ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್ ಆಗುವ ಅರ್ಧ ದಿನದ ಪ್ಲಾನ್ ಮಾತ್ರ ಕೊಡುತ್ತೇನೆ. ಸಂಜೆ ಮತ್ತೆ ಹೋಗುವ ಆಸೆ ಇದ್ದವರು, ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಇಬ್ಬರೇ ಹೋಗಿ ಬರಲಿ.