ಒಂದೇ ಪಕ್ಷದ ಸಂಸತ್ತಿನಲ್ಲಿ ಮಾತಾಡಿ ಶಿಕುಕು ಸಾಧಿಸಿದ್ದೇನು?

ಕೀನ್ಯಾದ ಹಳೆಯ ಸಂಸತ್ ಸದಸ್ಯ ಮಾರ್ಟಿನ್ ಶಿಕುಕು ಅವರ ಹೆಸರನ್ನು ಎಲ್ಲಿ ಎತ್ತಿದರೂ ನನಗೆ ಎದುರಾಗುವ ಪ್ರಶ್ನೆ ಒಂದೇ. ಇದ್ದದ್ದು ಒಂದು ಪಕ್ಷ, ನಡೆಯುತ್ತಿದ್ದದ್ದು ಒಬ್ಬ ಅಧ್ಯಕ್ಷರ ಮಾತು. ಅಂಥ ಸದನದಲ್ಲಿ ಎದ್ದು ನಿಂತು ವಾದಿಸಿ ಆ ಮನುಷ್ಯ ಸಾಧಿಸಿದ್ದಾದರೂ ಏನು? ಅವರು ತಂದ ಕಾನೂನು ಯಾವುದು, ತಡೆದದ್ದು ಯಾವುದು?

ಶಾಸಕನೊಬ್ಬನ ಬೆಲೆಯನ್ನು ಅವನು ಮಂಡಿಸಿದ ಮಸೂದೆಗಳಿಂದ ಅಳೆಯುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಆಳುವವರು ಎಲ್ಲರೆದುರು ಉತ್ತರ ಕೊಡಲೇಬೇಕಾದ ಜಾಗ ದೇಶದಲ್ಲಿ ಒಂದಾದರೂ ಉಳಿಯಬೇಕು. ಶಿಕುಕು ಸದನವನ್ನು ಅಂಥ ಜಾಗವಾಗಿ ಉಳಿಸಿಕೊಳ್ಳಲು ಹೋರಾಡಿದರು. ಅವರ ಮಾತಿಗೆ ತೂಕವಿರದಿದ್ದರೆ ಸರ್ಕಾರ ಅವರನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಇಡುತ್ತಿರಲಿಲ್ಲ.

ಮೊದಲು ಆ ಸಂಸತ್ತಿನ ಸ್ವರೂಪವನ್ನು ಹೇಳಬೇಕು. 1969ರಲ್ಲಿ ಒಗಿಂಗಾ ಒಡಿಂಗಾ ಅವರ ವಿರೋಧ ಪಕ್ಷವನ್ನು ನಿಷೇಧಿಸಿದ ಮೇಲೆ ಕೀನ್ಯಾದಲ್ಲಿ ಉಳಿದದ್ದು ಅಧ್ಯಕ್ಷ ಜೊಮೊ ಕೆನ್ಯಾಟಾ ಅವರ ಪಕ್ಷವಾದ ಕಾನು ಮಾತ್ರ. ಹಾಗೆಂದು ಚುನಾವಣೆ ನಿಲ್ಲಲಿಲ್ಲ. ಒಂದೇ ಕ್ಷೇತ್ರದಲ್ಲಿ ಕಾನು ಪಕ್ಷದ ಹಲವರು ತಮ್ಮತಮ್ಮಲ್ಲೇ ಸ್ಪರ್ಧಿಸುತ್ತಿದ್ದರು, ದೊಡ್ಡವರೂ ಸೋಲುತ್ತಿದ್ದರು. 1974ರಲ್ಲಿ ವಿದೇಶಾಂಗ ಸಚಿವ ಎಂಜೊರೊಗೆ ಮುಂಗಾಯಿ ಅವರೇ ಸೋತರು. ಅವರು ಅಧ್ಯಕ್ಷರ ಬಂಧುವೂ ಹೌದು, ವೈದ್ಯರೂ ಹೌದು. ಹೀಗಾಗಿ ಗೆದ್ದು ಬಂದವನ ಋಣ ಪಕ್ಷದ ಕಚೇರಿಗಿಂತ ತನ್ನ ಊರಿನ ಮತದಾರರಿಗೇ ಹೆಚ್ಚು. ಮಂತ್ರಿ ಪದವಿ ಸಿಗದೆ ಹಿಂದಿನ ಸಾಲುಗಳಲ್ಲಿ ಕುಳಿತವರೇ ಆ ಕಾಲದ ನಿಜವಾದ ವಿರೋಧ ಪಕ್ಷ. ಅವರನ್ನು ಪಳಗಿಸಲು ಸರ್ಕಾರ ಹಿಡಿದ ದಾರಿ ಸರಳ: ಆದಷ್ಟು ಜನರಿಗೆ ಸಹಾಯಕ ಸಚಿವ ಸ್ಥಾನ ಕೊಡುವುದು. ಸ್ಥಾನ ಪಡೆದವನು ಸರ್ಕಾರದ ವಿರುದ್ಧ ಮತ ಹಾಕುವಂತಿಲ್ಲ.

ಪಶ್ಚಿಮ ಕೀನ್ಯಾದ ಬುಟೆರೆಯಿಂದ 1963ರಲ್ಲೇ ಸಂಸತ್ತಿಗೆ ಬಂದಿದ್ದ ಶಿಕುಕು ಈ ಹಿಂದಿನ ಸಾಲುಗಳ ದೊಡ್ಡ ದನಿ. ತಮ್ಮನ್ನು ಬಡವರ ಅಧ್ಯಕ್ಷ ಎಂದು ಕರೆದುಕೊಳ್ಳುತ್ತಿದ್ದರು. ಸದನದ ನಿಯಮಗಳೇ ಅವರ ಆಯುಧ. ಪ್ರಶ್ನೋತ್ತರ, ಕ್ರಿಯಾಲೋಪ (ನಿಯಮ ಮುರಿದಿದೆ ಎಂಬ ಆಕ್ಷೇಪ), ನಿಲುವಳಿ (ಬೇರೆ ಕಲಾಪ ನಿಲ್ಲಿಸಿ ಚರ್ಚಿಸಲು ಕೋರುವ ಸೂಚನೆ) ಇವೆಲ್ಲ ನಮಗೆ ಬೇಸರ ತರಿಸುವ ಪದಗಳಾಗಿರಬಹುದು. ಪತ್ರಿಕೆಗಳು ಹೆದರಿ ಬರೆಯುವ ದೇಶದಲ್ಲಿ, ಸಚಿವನೊಬ್ಬ ತಪ್ಪಿಸಿಕೊಳ್ಳದ ಹಾಗೆ ಅವನ ಮಾತನ್ನು ಕಡತಕ್ಕೆ ಸೇರಿಸುವ ದಾರಿ ಬೇರೆ ಇರಲಿಲ್ಲ.

ಹೆದರಿಕೆಗೆ ಕಾರಣವೂ ಇತ್ತು. ಸಂಸತ್ ಸದಸ್ಯ ಪಿಯೊ ಗಾಮಾ ಪಿಂಟೊ ಅವರನ್ನು 1965ರ ಫೆಬ್ರವರಿ 24ರಂದು ನೈರೋಬಿಯಲ್ಲಿ ಅವರ ಮನೆಯೆದುರೇ ಗುಂಡಿಕ್ಕಿ ಕೊಂದರು. (ಗೋವಾ ಮೂಲದ ಈ ಪಿಂಟೊ ಕೆಲಕಾಲ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ನಮ್ಮಲ್ಲಿ ಇದನ್ನು ನೆನೆಯುವವರು ಎಷ್ಟು ಕಡಿಮೆ!) 1969ರ ಜುಲೈನಲ್ಲಿ ಸಚಿವ ಟಾಮ್ ಎಂಬೊಯಾ ಕೊಲೆಯಾದರು. 1975ರ ಮಾರ್ಚ್‌ನಲ್ಲಿ ಜೆ.ಎಂ. ಕರಿಯುಕಿ. ಹತ್ತು ಮಂದಿ ಕೋಟ್ಯಧೀಶರು, ಒಂದು ಕೋಟಿ ಭಿಕ್ಷುಕರು ಇರುವ ದೇಶ ನಮಗೆ ಬೇಡ ಎಂದು ಹೇಳುತ್ತಿದ್ದ ಈ ಜನಪ್ರಿಯ ಸದಸ್ಯರ ಶವ ನೈರೋಬಿ ಬಳಿಯ ಎಂಗಾಂಗ್ ಬೆಟ್ಟಗಳಲ್ಲಿ ಸಿಕ್ಕಿತು.

ಕರಿಯುಕಿ ಸಾವಿನ ನಂತರ ಆ ಸಂಸತ್ತು ತೋರಿದ ಧೈರ್ಯವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಪೊಲೀಸರನ್ನು ನಂಬದೆ ಸದಸ್ಯರು ಕೊಲೆಯ ತನಿಖೆಗೆ ತಮ್ಮದೇ ಸದನ ಸಮಿತಿ ರಚಿಸಿದರು. ಎಲೈಜಾ ಮ್ವಾಂಗಾಲೆ ಅದರ ಅಧ್ಯಕ್ಷರು. ಜೂನ್‌ನಲ್ಲಿ ವರದಿ ಬಂತು. ಅದನ್ನು ಸದನ ಅಂಗೀಕರಿಸುವುದು ಬೇಡ, ಗಮನಕ್ಕೆ ತೆಗೆದುಕೊಂಡರೆ ಸಾಕು ಎಂಬುದು ಸರ್ಕಾರದ ಪಟ್ಟು. ಮತಕ್ಕೆ ಹಾಕಿದಾಗ ಸರ್ಕಾರ ಸಣ್ಣ ಅಂತರದಿಂದ ಸೋತಿತು. ಒಂದೇ ಪಕ್ಷದ ಸದನದಲ್ಲಿ, ಆ ಪಕ್ಷದ ಸರ್ಕಾರವೇ ಸೋತಿತು! ಸದನದ ಪರ ಮತ ಹಾಕಿದ ಸಚಿವ ಮಸಿಂದೆ ಮುಲಿರೊ ಅವರನ್ನು ಕೂಡಲೇ ಸಂಪುಟದಿಂದ ಕೈಬಿಟ್ಟರು.

ಈ ಹಿನ್ನೆಲೆ ಇಲ್ಲದೆ 1975ರ ಅಕ್ಟೋಬರ್ 9ರ ಘಟನೆ ಅರ್ಥವಾಗುವುದಿಲ್ಲ. ಅಂದು ಮಾತಾಡುತ್ತ ಶಿಕುಕು, ಕಾನುವನ್ನು ಕೊಂದ ಹಾಗೆಯೇ ಈ ಸಂಸತ್ತನ್ನೂ ಕೊಲ್ಲಲು ಕೆಲವರು ಹೊರಟಿದ್ದಾರೆ ಎಂದರು. ಸರ್ಕಾರದ ಕಡೆಯಿಂದ ಒಬ್ಬರು ಎದ್ದು, ಆಳುವ ಪಕ್ಷ ಸತ್ತಿದೆ ಎಂಬುದಕ್ಕೆ ಆಧಾರ ಕೊಡಲಿ ಎಂದು ಪಟ್ಟು ಹಿಡಿದರು. ಪೀಠದಲ್ಲಿದ್ದವರು ಉಪಸಭಾಧ್ಯಕ್ಷ ಜಾನ್ ಮರೀ ಸೆರೊನಿ. ಎದ್ದು ಕಾಣುವ ಸಂಗತಿಗೆ ಆಧಾರ ಬೇಕಿಲ್ಲ ಎಂದು ಅವರು ತೀರ್ಪು ಕೊಟ್ಟರು. ಸರ್ಕಾರದ ಸಾಲಿನವರು ಸಿಟ್ಟಿನಿಂದ ಹೊರನಡೆದರು.

ಸೆರೊನಿ ಹೇಳಿದ್ದು ಸತ್ಯ. 1966ರ ಲಿಮುರು ಸಮ್ಮೇಳನದ ನಂತರ ಕಾನು ತನ್ನ ರಾಷ್ಟ್ರೀಯ ಪದಾಧಿಕಾರಿಗಳ ಚುನಾವಣೆಯನ್ನೇ ನಡೆಸಿರಲಿಲ್ಲ. ಒಂಬತ್ತು ವರ್ಷ ಆಂತರಿಕ ಚುನಾವಣೆ ಕಾಣದ ಪಕ್ಷಕ್ಕೆ ಜೀವವಿದೆ ಎಂದು ಸಾಧಿಸುವ ಹೊಣೆ ಸರ್ಕಾರದ ಮೇಲಿತ್ತು. ಸರ್ಕಾರ ವಾದಕ್ಕೆ ಬರಲಿಲ್ಲ. ಅಕ್ಟೋಬರ್ 15ರಂದು ಪೊಲೀಸರು ಸಂಸತ್ ಭವನದ ಆವರಣಕ್ಕೇ ಬಂದು ಇಬ್ಬರನ್ನೂ ಹಿಡಿದೊಯ್ದರು. ಗಿಡುಗ ಆಕಾಶದಲ್ಲೇ ಇದೆ, ಕೋಳಿಮರಿಗಳ ಮೇಲೆರಗಲು ಸಿದ್ಧವಾಗಿದೆ ಎಂಬರ್ಥದ ಮಾತನ್ನು ಕೆನ್ಯಾಟಾ ಆಡಿದರು.

ಸದನದಲ್ಲಿ ಆಡಿದ ಮಾತಿಗೆ ರಕ್ಷಣೆ ಇರಲಿಲ್ಲವೇ ಎಂದು ಇಲ್ಲಿ ಹಲವರು ಕೇಳುತ್ತಾರೆ. ಇತ್ತು. ಆ ಮಾತಿಗಾಗಿ ಯಾರೂ ಅವರನ್ನು ನ್ಯಾಯಾಲಯಕ್ಕೆ ಎಳೆಯುವಂತಿರಲಿಲ್ಲ. ಆದರೆ ಸಾರ್ವಜನಿಕ ಭದ್ರತಾ ಕಾಯ್ದೆಯಡಿ ಬಂಧಿಸಲು ನ್ಯಾಯಾಲಯವೇ ಬೇಕಿರಲಿಲ್ಲ. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ, ಬಿಡುಗಡೆಯ ದಿನಾಂಕವೂ ಇಲ್ಲ. ಕೆನ್ಯಾಟಾ ತೀರಿಕೊಂಡು ಡೇನಿಯಲ್ ಅರಪ್ ಮೋಯಿ ಅಧ್ಯಕ್ಷರಾದ ಮೇಲೆ, 1978ರ ಡಿಸೆಂಬರ್‌ನಲ್ಲಿ ಇಬ್ಬರೂ ಹೊರಬಂದರು. ಪ್ರಶ್ನೆ ಕೇಳಿದವರ ಗತಿ ಹೀಗಿರುತ್ತದೆಂದು ಸದನದ ಉಳಿದವರು ಅಷ್ಟರಲ್ಲಿ ಕಲಿತಿದ್ದರು.

ಆ ಪಾಠದ ಫಲ 1982ರ ಜೂನ್‌ನಲ್ಲಿ ಕಂಡಿತು. ಕೀನ್ಯಾದಲ್ಲಿ ಕಾನು ಒಂದೇ ಪಕ್ಷ ಎಂದು ಸಂವಿಧಾನದಲ್ಲೇ ಬರೆಯುವ ತಿದ್ದುಪಡಿಯನ್ನು ಸಚಿವ ಚಾರ್ಲ್ಸ್ ಎಂಜೊಂಜೊ ಮಂಡಿಸಿದರು, ಉಪಾಧ್ಯಕ್ಷ ಮ್ವಾಯಿ ಕಿಬಾಕಿ ಅನುಮೋದಿಸಿದರು. ಏಳು ವರ್ಷ ಹಿಂದೆ ಸರ್ಕಾರವನ್ನು ಸೋಲಿಸಿದ್ದ ಸದನ ಅದನ್ನು ಹೆಚ್ಚಿನ ಚರ್ಚೆಯಿಲ್ಲದೆ ಒಪ್ಪಿಕೊಂಡಿತು. ಸಂಸತ್ತನ್ನು ಕೊಲ್ಲುತ್ತಿದ್ದಾರೆ ಎಂಬ ಮಾತಿಗೆ ಆಧಾರ ಕೇಳಿದವರಿಗೆ ಆಧಾರ ಸಿಕ್ಕಿದ್ದು ಅಂದು. 1988ರಲ್ಲಿ ಗುಪ್ತ ಮತದಾನವನ್ನೂ ಬದಿಗಿಟ್ಟು, ಪಕ್ಷದೊಳಗಿನ ಆಯ್ಕೆಗೆ ಅಭ್ಯರ್ಥಿಗಳ ಹಿಂದೆ ಮತದಾರರನ್ನು ಸಾಲು ನಿಲ್ಲಿಸಿ ಎಣಿಸಿದರು.

ಶಿಕುಕು ಸಂತರಲ್ಲ. ನಡುನಡುವೆ ಸಹಾಯಕ ಸಚಿವರಾಗಿ ಅವರೂ ಸರ್ಕಾರದ ಸಾಲಿನಲ್ಲಿ ಕುಳಿತದ್ದುಂಟು. ಅವರ ಎಲ್ಲ ಭಾಷಣಗಳನ್ನೂ ಮೆಚ್ಚಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ 1991ರಲ್ಲಿ ಬಹುಪಕ್ಷ ವ್ಯವಸ್ಥೆಗಾಗಿ ಫೋರ್ಡ್ ಎಂಬ ವೇದಿಕೆ ಹುಟ್ಟಿದಾಗ ಅದರ ಆರು ಸ್ಥಾಪಕರಲ್ಲಿ ಅವರೊಬ್ಬರು. ಹಳೆಯ ಒಡಿಂಗಾ ಇದ್ದರು, ಮುಲಿರೊ ಕೂಡ ಇದ್ದರು. ಅದೇ ಡಿಸೆಂಬರ್‌ನಲ್ಲಿ ಏಕಪಕ್ಷದ ವಿಧಿ ರದ್ದಾಯಿತು. 1992ರಲ್ಲಿ ಶಿಕುಕು ಬುಟೆರೆಯಿಂದ ಮತ್ತೆ ಗೆದ್ದು, ಈ ಬಾರಿ ಅಧಿಕೃತವಾಗಿಯೇ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಅವರು ತೀರಿಕೊಂಡದ್ದು 2012ರಲ್ಲಿ.

ಕೀನ್ಯಾದ ಹಳೆಯ ಸದನ ನಡಾವಳಿಗಳು ಈಗ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಪ್ರಶ್ನೆ ಕೇಳುವವರಿಗೆ ನಾನು 1975ರ ಜೂನ್‌ನ ಚರ್ಚೆಯಿಂದ ಆರಂಭಿಸಿ ಅಕ್ಟೋಬರ್‌ವರೆಗೆ ಬರಲು ಹೇಳುತ್ತೇನೆ. ಆಮೇಲೆ 1982ರ ಜೂನ್‌ನ ಪುಟಗಳನ್ನು ತೆರೆಯಿರಿ, ಯಾರು ಮಾತಾಡಲಿಲ್ಲ ಎಂಬುದನ್ನು ನೋಡಿ.