ಮೂರು ದಿನ ಉಚಿತ, ನಾಲ್ಕನೆಯ ದಿನ 1,999

ಆಷಾಢದ ಒಂದು ಭಾನುವಾರ ನಮ್ಮ ಗದ್ದೆಯ ಹಳೆಯ ಕ್ರಯಪತ್ರವನ್ನು ಬೆಂಗಳೂರಿನ ವಕೀಲರಿಗೆ ತುರ್ತಾಗಿ ಕಳುಹಿಸಬೇಕಾಗಿ ಬಂತು. ಛಾಪಾಕಾಗದದ ಹನ್ನೊಂದು ಹಾಳೆಗಳು. ಹೊರಗೆ ಬಿಡದೆ ಸುರಿಯುವ ಮಳೆ, ಸಾಗರದ ಪೇಟೆಯಲ್ಲಿ ಜೆರಾಕ್ಸ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹಾಗಾಗಿ ಫೋನಿನಲ್ಲಿಯೇ ಸ್ಕ್ಯಾನ್ ಮಾಡುವ ಒಂದು ಆ್ಯಪನ್ನು ಇಳಿಸಿಕೊಂಡೆ.

ತೆರೆದೊಡನೆ ಪರದೆಯ ತುಂಬ ‘ವಾರಕ್ಕೆ ಕೇವಲ 38 ರೂಪಾಯಿ, ಮೊದಲ ಮೂರು ದಿನ ಉಚಿತ’ ಎಂಬ ಘೋಷಣೆ. ಅದನ್ನು ಮುಚ್ಚುವ ಗುಣಾಕಾರದ ಚಿಹ್ನೆ ಐದಾರು ಸೆಕೆಂಡುಗಳ ನಂತರ ಮೂಲೆಯಲ್ಲಿ ಮೂಡಿತಂತೆ, ಅದೂ ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿ. ಇದನ್ನು ನಾನು ಗಮನಿಸಿದ್ದು ಆಮೇಲೆ, ಮಗಳು ತೋರಿಸಿದಾಗ. ವರ್ಷದ 1,999 ರೂಪಾಯಿಯನ್ನು ಒಂದೇ ಬಾರಿಗೆ ಕಡಿದುಕೊಳ್ಳುತ್ತೇವೆಂಬ ಸಾಲು ಗುಂಡಿಯ ಕೆಳಗೆ, ಮಾತ್ರೆ ಪಟ್ಟಿಯ ಹಿಂಬದಿಯ ಅಕ್ಷರಗಳಷ್ಟು ಚಿಕ್ಕದಾಗಿತ್ತು. ಕನ್ನಡಕ ಹಾಕಿರಲಿಲ್ಲವೆಂಬುದು ನನ್ನ ತಪ್ಪೇ ಸರಿ, ಆದರೆ 38 ಎಂಬ ಅಂಕಿಯನ್ನು ಓದಲು ಕನ್ನಡಕ ಬೇಕಾಗಿರಲಿಲ್ಲ. ಯುಪಿಐ ಪಿನ್ ಒತ್ತಿದೆ, ಪರೀಕ್ಷೆಗೆಂದು ಎರಡು ರೂಪಾಯಿ ಹೋಗಿ ಹಿಂದಕ್ಕೆ ಬಂತು, ಕಾಗದಗಳು ವಕೀಲರನ್ನು ತಲುಪಿದವು. ಸಂಜೆಯೇ ಆ್ಯಪನ್ನು ಅಳಿಸಿಹಾಕಿದೆ ಮತ್ತು ಅಲ್ಲಿಗೆ ಲೆಕ್ಕ ಮುಗಿಯಿತೆಂದು ನಂಬಿದೆ.

ಮುಗಿದಿರಲಿಲ್ಲ. ಆ್ಯಪನ್ನು ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ನಾನು ಪಿನ್ ಒತ್ತಿ ಕೊಟ್ಟಿದ್ದು ಆಟೋಪೇ ಅನುಮತಿ, ಅಂದರೆ ಗಡುವು ಬಂದಾಗ ತಾನಾಗಿಯೇ ಹಣ ಕಡಿದುಕೊಳ್ಳಲು ಒಪ್ಪಿಗೆ, ಅದು ಇರುವುದು ಯುಪಿಐ ಖಾತೆಯಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 15,000 ರೂಪಾಯಿಯವರೆಗಿನ ಇಂತಹ ಕಡಿತಗಳಿಗೆ ಮೊದಲ ಬಾರಿಯ ಒಪ್ಪಿಗೆಯ ನಂತರ ಮತ್ತೆ ಪಿನ್ ಕೇಳುವುದಿಲ್ಲ, ಇಪ್ಪತ್ತನಾಲ್ಕು ಗಂಟೆ ಮೊದಲು ಸೂಚನೆ ಕಳುಹಿಸಿದರೆ ಸಾಕು. ಸೂಚನೆ ಬಂದಿತ್ತು ಕೂಡ, ಸಾಲ ಬೇಕೇ ಎಂದು ಕೇಳುವ ನಾಲ್ಕು ಸಂದೇಶಗಳ ನಡುವೆ. ಅಂತೂ ನಾಲ್ಕನೆಯ ದಿನ ಹಣ ಹೋಯಿತು, ನನಗೆ ತಿಳಿದದ್ದು ಏಳನೆಯ ದಿನ, ಗೊಬ್ಬರದ ಅಂಗಡಿಯಲ್ಲಿ ಖಾತೆಯ ಬಾಕಿ ನೋಡಿದಾಗ.

ಮರುಪಾವತಿಗಾಗಿ ಅಲೆದ ಕಥೆಯನ್ನು ಚಿಕ್ಕದಾಗಿಯೇ ಹೇಳುತ್ತೇನೆ, ಏಕೆಂದರೆ ಆ ಅಲೆದಾಟದಲ್ಲಿ ಒಬ್ಬ ಮನುಷ್ಯನೂ ಎದುರಾಗಲಿಲ್ಲ. ಆ್ಯಪ್ ಮಾರುವ ಸ್ಟೋರ್ ನಲವತ್ತೆಂಟು ಗಂಟೆ ಮೀರಿದೆ, ಆ್ಯಪ್ ತಯಾರಕರನ್ನು ಕೇಳಿ ಎಂದಿತು. ತಯಾರಕರ ಸಿದ್ಧ ಉತ್ತರವು ಪಾವತಿಯೆಲ್ಲ ಸ್ಟೋರಿನವರದು ಎಂದಿತು. ಬ್ಯಾಂಕಿನಿಂದ ಅನುಮತಿ ನೀವೇ ಕೊಟ್ಟದ್ದಲ್ಲವೇ ಎಂಬ ಜವಾಬು ಬಂತು. ಮೂವರ ಮಾತೂ ನಿಯಮದ ಪ್ರಕಾರ ಸರಿಯಿದ್ದಿರಬಹುದು. ಅದೇ ಪೇಟೆಯ ಜೆರಾಕ್ಸ್ ಅಂಗಡಿಯಾತ ಒಂದು ಹಾಳೆ ಮಸುಕಾಗಿ ಬಂದರೆ ಕೇಳುವ ಮೊದಲೇ ಐದು ರೂಪಾಯಿ ಬಿಟ್ಟು ಲೆಕ್ಕ ಹಾಕುತ್ತಾನೆ.

ಇಂತಹ ಬಲೆಗೆ ಸರ್ಕಾರವೇ ಹೆಸರಿಟ್ಟಿದೆ ಎಂಬುದು 1915 ಎಂಬ ಗ್ರಾಹಕ ಸಹಾಯವಾಣಿಗೆ ಕರೆ ಮಾಡುವ ಹೊತ್ತಿಗೆ ತಿಳಿಯಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳ ಪಟ್ಟಿಯಿದ್ದು, ಚಂದಾದ ಬಲೆಯೂ ಅದರಲ್ಲೊಂದು: ಸೇರಲು ಸುಲಭವಾಗಿಸಿ, ಬಿಡುವ ದಾರಿಯನ್ನು ಅಡಗಿಸಿಡುವುದು. ದೂರಿಗೆ ಸಂಖ್ಯೆ ಸಿಕ್ಕಿತು. ಹಣ ಇನ್ನೂ ಬಂದಿಲ್ಲ.

ಮುಂದಿನ ವರ್ಷದ ಕಡಿತವನ್ನಾದರೂ ತಪ್ಪಿಸೋಣವೆಂದು ಜಗಲಿಯಲ್ಲಿ ಕುಳಿತು, ಯುಪಿಐ ಆ್ಯಪಿನ ಆಟೋಪೇ ಪುಟವನ್ನು ಹುಡುಕಿ ರದ್ದು ಮಾಡುತ್ತಿದ್ದೆ. ಪಕ್ಕದಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅಪ್ಪ ತಮ್ಮ ಫೋನನ್ನೂ ಮುಂದಕ್ಕೆ ಸರಿಸಿ, “ಇದನ್ನೂ ಒಂದು ನೋಡು ಮಾರಾಯ” ಎಂದರು. ಅದರಲ್ಲಿ ಜಾತಕ ಹೇಳುವ ಯಾವುದೋ ಆ್ಯಪ್ ತಿಂಗಳಿಗೆ 99 ರೂಪಾಯಿಯಂತೆ ಏಳು ತಿಂಗಳಿನಿಂದ ಹಣ ಕಡಿಯುತ್ತಿತ್ತು. ಅದು ಮೆಸೇಜು ಕಳುಹಿಸುವುದಕ್ಕೆ ಬ್ಯಾಂಕಿನವರು ಹಿಡಿಯುವ ದುಡ್ಡೆಂದು ಅವರು ತಿಳಿದಿದ್ದರು. ರದ್ದುಪಡಿಸಲು ಪಿನ್ ಒತ್ತುವಾಗ ಎಂದಿನಂತೆ ಫೋನನ್ನು ಎದೆಗೆ ಮರೆಮಾಡಿಕೊಂಡರು, ನನಗೂ ಕಾಣದ ಹಾಗೆ.