ಕಿಟಕಿಯಾಚೆ ಕಾಮನಬಿಲ್ಲು

ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಹೀಲಿ ಎಂಬ ಕಲಾವಿದ 1868ರಲ್ಲಿ ಬರೆದ 'ದಿ ಪೀಸ್‌ಮೇಕರ್ಸ್' (ಶಾಂತಿ ತರುವವರು) ಚಿತ್ರವನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದೆ. ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತು, 1865ರ ಮಾರ್ಚ್ ಕೊನೆ. 'ರಿವರ್ ಕ್ವೀನ್' ಹಡಗಿನ ಕೋಣೆಯಲ್ಲಿ ನಾಲ್ವರು. ಸೇನಾನಾಯಕ ಶರ್ಮನ್ ಏನೋ ವಿವರಿಸುತ್ತಿದ್ದಾನೆ, ಇನ್ನೊಬ್ಬ ಸೇನಾನಾಯಕ ಗ್ರಾಂಟ್ ಮತ್ತು ನೌಕಾಪಡೆಯ ಪೋರ್ಟರ್ ಸುಮ್ಮನಿದ್ದಾರೆ. ಅಧ್ಯಕ್ಷ ಲಿಂಕನ್ ಮಾತ್ರ ಗಲ್ಲಕ್ಕೆ ಕೈಯಿಟ್ಟು ಮುಂದಕ್ಕೆ ಬಾಗಿ ಕೇಳುತ್ತಿದ್ದಾನೆ. ಥೇಟ್ ನಮ್ಮಜ್ಜ ಜಗಲಿ ಮೇಲೆ ಜಮೀನಿನ ತಗಾದೆ ಕೇಳುತ್ತಿದ್ದ ಹಾಗೆ!

ಸೇನಾನಾಯಕರ ಚಿತ್ರವೆಂದರೆ ಕುದುರೆ, ಹಿರಿದ ಕತ್ತಿ, ಹೊಗೆ ಇರಬೇಕಲ್ಲ? ಇಲ್ಲಿ ಅದೊಂದೂ ಇಲ್ಲ, ಬರೀ ಕುರ್ಚಿಗಳು. ಹಿಂದಿನ ಕಿಟಕಿಯಲ್ಲಿ ಕಾಮನಬಿಲ್ಲು. ಅದು ಸ್ವಲ್ಪ ಅತಿಯಾಯಿತು ಅನ್ನಿಸಿತು, ಸುಳ್ಳೇಕೆ ಹೇಳಲಿ.

ಹೀಲಿ ಆ ಕೋಣೆಯಲ್ಲಿ ಇರಲೇ ಇಲ್ಲ. ಶರ್ಮನ್‌ನ ನೆನಪುಗಳನ್ನು ಆಧರಿಸಿ ಬರೆದದ್ದು. ಬರೆಯುವ ಹೊತ್ತಿಗೆ ಲಿಂಕನ್ ಸತ್ತು ಮೂರು ವರ್ಷ. ಆ ಭೇಟಿಯಾದ ಮೂರು ವಾರದೊಳಗೇ ಗುಂಡೇಟು ಬಿದ್ದಿತ್ತು. ಇದು ಗೊತ್ತಾದ ಮೇಲೆ ಮತ್ತೆ ಆ ಕಾಮನಬಿಲ್ಲನ್ನೇ ನೋಡಿದೆ. ಈ ಸಲ ಅತಿ ಅನ್ನಿಸಲಿಲ್ಲ.

ಗಂಟೆ ಎರಡಾಗಿದೆ. ನಿದ್ದೆ ಇನ್ನೂ ಬಂದಿಲ್ಲ.